ಹಸೆಗೋಡೆಗೆ ಒಂದು ದನಿ

“ಅದ್ನ ನಿಲ್ಸಿ ಅಮ್ಮಾ,” ಎಂದಳು ಹುಲಿಯಮ್ಮ, ಪುಂಡಿನಾರಿನ ಕುಂಚವನ್ನು ಅಕ್ಕಿಹಿಟ್ಟಿನ ಬಟ್ಟಲಿಗೆ ವಾಪಸ್ಸಿಟ್ಟು. “ನಾ ಕುಂಚ ಅದ್ದೋದ್ರೊಳಗೆ ಅದು ಮುಂದ್ ಹೋಗಿರ್ತದೆ. ಹಸೆ ಹಾಡು ಕೈಗೆ ಕಾಯ್ಬೇಕು.”

ಪ್ರತಿಮಾ ಮೊಬೈಲಿನ ಹಾಡು ನಿಲ್ಲಿಸಿದಳು. ತಾಳಗುಪ್ಪ ರಸ್ತೆಯ ಈ ಪ್ರವಾಸಿ ಕೇಂದ್ರಕ್ಕೂ ಅದರ ಹಿಂದಿನ ವಸ್ತುಸಂಗ್ರಹಾಲಯಕ್ಕೂ ಅವಳೇ ಮೇಲ್ವಿಚಾರಕಿ. ಜೋಗಕ್ಕೆ ಹೋಗುವವರು ಇಲ್ಲಿಳಿದು ಮೊದಲು ಶೌಚಾಲಯ ಕೇಳುತ್ತಾರೆ, ಆಮೇಲೆ ಕಾಫಿ. ಅಂಥವರನ್ನು ಉಪಾಯವಾಗಿ ಒಳಗೆ ಕರೆದು, ಕೆಳದಿ ಕಾಲದ ಬೀಗ, ಮೀನು ಹಿಡಿಯುವ ಬಿದಿರಿನ ಕೂಣಿ ತೋರಿಸುತ್ತ, ಬಸ್ಸು ಹಾರನ್ ಹೊಡೆದರೂ ಕದಲದಂತೆ ಮಾಡುವುದು ಅವಳಿಗೆ ಸಿದ್ಧಿಸಿತ್ತು. ನಾಳೆ ಹೊಸ ಕೋಣೆ ತೆರೆಯಬೇಕು. ಅದರ ಕೆಮ್ಮಣ್ಣು ಬಳಿದ ಗೋಡೆಗೆ ಹುಲಿಯಮ್ಮ ಮದುವೆಮನೆಯ ಹಸೆ ಚಿತ್ತಾರ ಬರೆಯಬೇಕು. ಸಂಜೆಯೊಳಗೆ ಆಗದಿದ್ದರೆ ಅಂಟಿಸಲೆಂದು ಕೇಂದ್ರದ ಸಮಿತಿಯವರು ಫ್ಲೆಕ್ಸ್ ಮಾಡಿಸಿ ತಂದಿಟ್ಟಿದ್ದರು.

ಫ್ಲೆಕ್ಸನ್ನು ಹುಲಿಯಮ್ಮ ಬಿಡಿಸಿ ನೋಡಿದ್ದಳು. ಅದರಲ್ಲಿದ್ದುದು ಅವಳದೇ ಚಿತ್ತಾರದ ಫೋಟೋ, ಈಗ ಕೆಡವಿದ ಅವಳ ಹಳೆಮನೆಯ ಗೋಡೆಯದು. “ಸತ್ತೋರ ಫೋಟೋ ಇದ್ದಂಗದೆ. ನಾನಿನ್ನೂ ಬದ್ಕಿದೀನಲ್ಲ!” ಎಂದಿದ್ದಳು.

ಆದರೆ ಕೈ ಓಡಬೇಕಲ್ಲ. ನಲವತ್ತು ವರ್ಷ ಅವಳು ಬರೆದದ್ದು ಓರಗಿತ್ತಿ ರಂಗಮ್ಮನ ಹಾಡಿಗೆ. ಒಬ್ಬಳು ಸೊಲ್ಲೆತ್ತಬೇಕು, ಬರೆಯುವವಳ ಕೈ ಅದರ ಜೊತೆ ಸಾಗಬೇಕು. ರಂಗಮ್ಮ ಹೋದ ವರ್ಷ ತೀರಿಕೊಂಡಳು. ಸದ್ದಿಲ್ಲದ ಈ ಕೋಣೆಯಲ್ಲಿ ಮಧ್ಯಾಹ್ನವಾದರೂ ಒಂದೆಳೆ ಎದ್ದಿರಲಿಲ್ಲ.

“ನಾನು ಹಾಡ್ಲಾ? ಹೇಳ್ಕೊಡಿ,” ಎಂದಳು ಪ್ರತಿಮಾ.

ಹುಲಿಯಮ್ಮನಿಗೆ ಗಾಬರಿಯಾಯಿತು. ಅವಳ ಮಾವ ಗೇಣಿಗೆ ಮಾಡುತ್ತಿದ್ದುದು ಪ್ರತಿಮಾಳ ಅಜ್ಜನ ಗದ್ದೆ. ಆ ಮನೆಯಂಗಳದಲ್ಲಿ ಕೂತು ತಾನು ಹಾಡಿದ್ದುಂಟು, ಆ ಮನೆಯ ಹೆಣ್ಣುಮಗಳಿಂದ ಹಾಡಿಸಿದ್ದಿಲ್ಲ.

“ನೀವು... ನಮ್ ಹಾಡ?”

“ನನ್ ದನಿ ಕಾಗೆಗೂ ಬೇಡ. ಆದ್ರೆ ಕಾಯ್ತೀನಿ. ಮೊಬೈಲ್ ಥರ ಓಡ್ಹೋಗಲ್ಲ.”

ಹುಲಿಯಮ್ಮ ನಕ್ಕುಬಿಟ್ಟಳು. ಸೊಲ್ಲು ಹೇಳಿಕೊಟ್ಟಳು. ಪ್ರತಿಮಾ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಶುರುಮಾಡಿದಳು. ಶ್ರುತಿ ಎತ್ತಲೋ ಇತ್ತು, ಆದರೆ ಮಾತಿಗೆ ತಪ್ಪಲಿಲ್ಲ. ಹುಲಿಯಮ್ಮ ಕುಂಚ ಅದ್ದಿದಾಗಲೆಲ್ಲ ಕೊನೆಯ ಅಕ್ಷರವನ್ನು ಉಸಿರುಗಟ್ಟುವವರೆಗೂ ಎಳೆದು ಕಾದಳು.

ಎಪ್ಪತ್ತೆರಡರ ಆ ಕೈಯನ್ನು ನೋಡಬೇಕಿತ್ತು! ಅಳತೆಪಟ್ಟಿ ಇಲ್ಲ, ಪೆನ್ಸಿಲ್ಲಿನ ಗುರುತಿಲ್ಲ. ಕೆಂಪು ಗೋಡೆಯ ಮೇಲೆ ಬಿಳಿ ಎಳೆ ಈ ಮೂಲೆಯಿಂದ ಆ ಮೂಲೆಗೆ ಹೋಯಿತು, ಪಕ್ಕದಲ್ಲೇ ಇನ್ನೊಂದು, ಮತ್ತೊಂದು. ಶೌಚಾಲಯ ಹುಡುಕಿಕೊಂಡು ಬಂದವರು ಬಂದ ಕೆಲಸ ಮರೆತು ಬಾಗಿಲಲ್ಲೇ ನಿಂತರು.

ಸಂಜೆಗೆ ಕೆಳಗಿನ ಅಂಚೊಂದು ಬಾಕಿ ಇತ್ತು. ಹುಲಿಯಮ್ಮ ಕುಂಚ ಚಾಚಿದಳು.

“ಹಿಡಿ ಮಗಾ. ಇದು ನಿಂದು.”

“ಅಯ್ಯೋ, ಕೆಡ್ತದೆ ಹುಲಿಯಮ್ಮಾ!”

“ಹಿಡಿ ಅಂದೆ. ನಾ ಹಾಡ್ತೀನಿ.”

ಪ್ರತಿಮಾಳ ಎಳೆ ಅರ್ಧದವರೆಗೆ ನೆಟ್ಟಗೆ ಹೋಗಿ, ಅಲ್ಲಿ ಹೆದರಿ ಕೆಳಗೆ ಜಾರಿ, ಮತ್ತೆ ಮೇಲೆ ಬಂತು. ಅವಳು ನಾಲಗೆ ಕಚ್ಚಿಕೊಂಡಳು. ಹುಲಿಯಮ್ಮ ಕುಂಚ ಇಸಕೊಂಡು, ಅದರ ಪಕ್ಕದಲ್ಲೇ ತನ್ನ ಎಳೆ ಹಿಡಿದು ಹೊರಟಳು. ಪ್ರತಿಮಾಳ ಎಳೆ ಜಾರಿದ ಜಾಗ ಬಂದಾಗ ತನ್ನದನ್ನೂ ಅಷ್ಟೇ ಜಾರಿಸಿ, ಅಷ್ಟೇ ಮೇಲೆ ತಂದು, ಮುಂದೆ ಹೋದಳು.