ಶಿವಾನಿಯ ಟೀಮು

ನನ್ನ ತಮ್ಮ ವಿರೂಪಾಕ್ಷನಿಗೆ ಟಿವಿ ಧಾರಾವಾಹಿಯ ಹುಚ್ಚು. ನೋಡಲಿ, ಅಳಲಿ, ಟವಲಿನಲ್ಲಿ ಮೂಗು ಒರೆಸಿಕೊಳ್ಳಲಿ, ನನ್ನ ತಕರಾರಿಲ್ಲ. ನನಗೆ ಮೈ ಉರಿಯುವುದು ಆ ನಾಯಕರನ್ನೆಲ್ಲ ಅವನು ಸ್ವಂತ ಅಣ್ಣತಮ್ಮಂದಿರ ಹಾಗೆ ಹೊಗಳಲು ಕೂತಾಗ. ಆ ಭಾನುವಾರವೂ ಅದೇ ನಡೆದಿತ್ತು.

ನಾನು ಭೇರ್ಯದಿಂದ ತವರಿಗೆ ಬಂದಿದ್ದೆ. ಬಿಳಿಕೆರೆಯಲ್ಲಿ ಬಸ್ಸಿಳಿದು ಒಳಗೆ ನಡೆದರೆ ನಮ್ಮ ಹಳ್ಳಿ. ಹೊಗೆಸೊಪ್ಪಿನ ಕಾಲವಾದ್ದರಿಂದ ಕೈಕಾಲು ತೊಳೆದವಳೇ ಜಗಲಿಯಲ್ಲಿ ಕೂತು, ತಮ್ಮನ ಹೆಂಡತಿ ಪುಷ್ಪಾಳ ಜೊತೆ ಹಸಿ ಎಲೆಗಳನ್ನು ಕಡ್ಡಿಗೆ ಕಟ್ಟತೊಡಗಿದೆ. ತಮ್ಮ ಕಂಬಕ್ಕೆ ಒರಗಿ ಕಾಫಿ ಕುಡಿಯುತ್ತಿದ್ದ. ಅವನ ಮಗಳು ಶಿವಾನಿ, ನಾಲ್ಕನೇ ಕ್ಲಾಸು, ಒಂದು ಕಾಲಿಗೆ ಬಟ್ಟೆ ಸುತ್ತಿಕೊಂಡು ನನ್ನ ಪಕ್ಕ ಕೂತಿದ್ದಳು. ಏನಾಯಿತೆಂದು ಕೇಳಿದ್ದಕ್ಕೆ ತಮ್ಮ, "ಚೇಳು ಕಡೀತು, ವಾಸಿ ಆಯ್ತಾ ಅದೆ ಬುಡು," ಎಂದು ಮಾತು ಮುಗಿಸಿದ್ದ.

"ಅತ್ತೆ, ನಮ್ ಕ್ಲಾಸ್ ಹುಮೇರಾ ಮೈಸೂರಲ್ಲಿ ಎಸ್ಕೇಪ್ ರೂಮ್ ಆಟ ಆಡ್ಕಂಡು ಬಂದವ್ಳೆ," ಎಂದಳು ಶಿವಾನಿ. "ಕಾಸು ಇಸ್ಕಂಡು ನಾಕ್ ಜನನ ರೂಮಲ್ಲಿ ಕೂಡಾಕ್ತಾರಂತೆ. ಒಳಗೆ ಸುಳಿವು ಬಚ್ಚಿಟ್ಟಿರ್ತಾರೆ. ಹುಡುಕಿ ಹುಡುಕಿ ಬಾಗ್ಲು ತೆಗ್ದು ಆಚೆ ಬರ್ಬೇಕು."

"ಕಾಸು ಕೊಟ್ಟು ಕೂಡಾಕ್ಸ್ಕಳದಾ? ತಲೆ ಕೆಟ್ಟದಾ ಅವ್ರಿಗೆ?" ಎಂದೆ.

ಪುಷ್ಪಾ ತಲೆ ಎತ್ತಲಿಲ್ಲ. ಆದರೆ ವಿರೂಪಾಕ್ಷ ನೆಟ್ಟಗೆ ಕೂತ. ಸೀರಿಯಲ್ಲಿನ ಹೀರೋಗಳಲ್ಲಿ ಮೂವರನ್ನು ಜೊತೆಗೆ ಕರೆದುಕೊಳ್ಳಬಹುದು ಎಂದರೆ ಯಾರು ಯಾರನ್ನು ಆರಿಸುತ್ತೀರಿ, ಅದೇ ಆಟ ಎಂದು ಅವನೇ ಕಾನೂನು ಮಾಡಿಬಿಟ್ಟ. ಅವನ ಟೀಮು ಸಿದ್ಧವೇ ಇತ್ತು. ಬೀಗವನ್ನು ಗುಂಡು ಹೊಡೆದು ತೆಗೆಯಲು ಇನ್ಸ್‌ಪೆಕ್ಟರ್ ರಣಜಯ, ಯಾರಾದರೂ ತಲೆಸುತ್ತಿ ಬಿದ್ದರೆ ಡಾಕ್ಟರ್ ನಿಶ್ಚಲ್, ಇನ್ನು ಎಂಟು ಗಂಟೆ ಸೀರಿಯಲ್ಲಿನ ಚಿರಾಯು.

"ಚಿರಾಯು ಒಬ್ನೇ ಸಾಕು ಕಣಕ್ಕ. ಹೆಂಡ್ತಿ ಕಣ್ಣಲ್ಲಿ ನೀರು ಬಂದ್ರೆ ಊರನ್ನೇ ಅಲ್ಲಾಡಿಸ್ಬುಡ್ತಾನೆ."

"ನಂಗೆ ಏಳು ಗಂಟೆ ಸೀರಿಯಲ್ಲಿನ ವಿಲನ್ ಅತ್ತೆ ಇರ್ಲಿ," ಎಂದೆ. "ಆ ಮನೇಲಿ ತಲೆ ಓಡ್ಸೋಳು ಅವ್ಳೊಬ್ಳೇ."

ಶಿವಾನಿ ಬಿದ್ದು ಬಿದ್ದು ನಕ್ಕಳು. ಆಮೇಲೆ ಅವಳ ಸರದಿ ಬಂತು. "ನಂಗೆ ಅಮ್ಮ, ಮತ್ತೆ ಕಂಠಪ್ಪ ತಾತ," ಎಂದಳು.

ಕಂಠಪ್ಪ ಎದುರು ಮನೆಯವರು, ಮೊಣಕಾಲು ನೋವಿನ ಮುದುಕರು. ತಮ್ಮನ ಮುಖ ಯಾಕೋ ಇಳಿಯಿತು. "ಅವ್ರು ಯಾವ ಸೀರಿಯಲ್ಲಲ್ಲಿ ಬತ್ತಾರೆ? ಟಿವಿಲಿ ಬರೋರನ್ನ ಯೋಳು."

"ಚೇಳು ಕಡ್ದಾಗ ಹಾರೆ ತಂದು ಬೀಗ ಮೀಟಿ ಬಾಗ್ಲು ತೆಗ್ದಿದ್ದು ಅವ್ರೇ ಅಲ್ವಾ?"

ನನ್ನ ಕೈಯಲ್ಲಿದ್ದ ದಾರ ಹಾಗೇ ನಿಂತಿತು. "ಯಾವ ಬೀಗ?"

ನಾನೇ ಎದ್ದು ಮುಂಬಾಗಿಲ ಬಳಿ ಹೋದೆ. ಹೊರಗಡೆ ಚಿಲಕ ಕಿತ್ತುಬಂದ ಜಾಗದಲ್ಲಿ ಮರ ಸೀಳಿತ್ತು. ಅದರ ಮೇಲುಗಡೆ ಹೊಸ ಚಿಲಕ, ಹಳೆಯದಕ್ಕಿಂತ ದಪ್ಪದ್ದು, ಮಿರಮಿರ ಮಿಂಚುವ ಸ್ಕ್ರೂಗಳು. ಮಗಳು ಒಳಗೆ ಒದ್ದಾಡಿದ್ದಳು, ಇವನು ಅದಾದ ಮೇಲೆ ಅಂಗಡಿಗೆ ಹೋಗಿ ಇನ್ನೂ ಗಟ್ಟಿಯಾದದ್ದನ್ನು ಆರಿಸಿ ತಂದಿದ್ದ!

"ಕಾಲ ಸರಿಯಿಲ್ಲ ಕಣಕ್ಕ," ಎಂದ ಹಿಂದಿನಿಂದ. "ಸೊಪ್ಪು ಒಣಗ್ಸೋ ಬ್ಯಾರನ್ನಿಗೆ ಬೆಂಕಿ ಹಾಕಿದ್ಮೇಲೆ ರಾತ್ರಿಯೆಲ್ಲ ನಾನು ಅಲ್ಲೇ ಇರ್ಬೇಕು. ಶಾಖ ಇಳಿದ್ರೆ ಸೊಪ್ಪೆಲ್ಲ ಹಾಳು. ಬೀಗ ಹಾಕ್ಕಂಡೋದ್ರೆ ಮನಸ್ಸಿಗೆ ನೆಮ್ಮದಿ."

"ಯಾರ್ ಮನಸ್ಸಿಗ್ಲಾ? ಸೊಪ್ಪನ್ನ ಕೂಡಾಕ್ದಂಗೆ ಹೆಂಡ್ತಿ ಮಕ್ಳನ್ನ ಕೂಡಾಕ್ತೀಯಾ? ಒಳಗಡೆ ಚಿಲ್ಕ ಇಲ್ವಾ, ಅವ್ಳಿಗೆ ಕೈ ಇಲ್ವಾ ಹಾಕ್ಕಳಕ್ಕೆ?"

"ಅದು... ಒಳಗಿಂದ ಹಾಕಿದ್ರೆ ತೆಗಿಬೋದಲ್ವಾ."

ಮಾತು ಬಾಯಿಂದ ಜಾರಿದ ಮೇಲೆ ನೆಲ ನೋಡಿದ. ಆಗ ಪುಷ್ಪಾ ಬಾಯಿ ಬಿಟ್ಟಳು. ಅವಳ ಕೈ ಎಲೆ ಕಟ್ಟುತ್ತಲೇ ಇತ್ತು.

"ಮಗು ಕಾಲು ಹಿಡ್ಕಂಡು ಕಿರುಚ್ತಿದ್ಲು ಅತ್ಗೆ. ಫೋನ್ ಮೇಲೆ ಫೋನ್ ಮಾಡ್ದೆ, ಕಟ್ ಮಾಡ್ಬುಟ್ರು. ಕಿಟಕಿ ತಾವ ನಿಂತ್ಕಂಡು ಬಾಯಿ ಬಡ್ಕಂಡೆ. ಕಂಠಪ್ಪೋರು ಬಂದು ಬೀಗ ಕಿತ್ತು, ಅವ್ರ ಟಿವಿಎಸ್ ಗಾಡಿ ಮೇಲೆ ಹುಣಸೂರು ಆಸ್ಪತ್ರೆಗೆ ಕರ್ಕೊಂಡೋದ್ರು. ಬೆಳಗ್ಗೆ ಮನೆಗೆ ಬಂದ ಇವ್ರು ಮೊದ್ಲು ಕೇಳಿದ್ದೇ, ಕಂಠಪ್ಪನ್ನ ಯಾಕೆ ಕರ್ದೆ ಅಂತ."

ನಾನು ತಮ್ಮನ ಎದುರಿಗೆ ಹೋಗಿ ನಿಂತೆ. "ಫೋನ್ ಯಾಕ್ಲಾ ಕಟ್ ಮಾಡ್ದೆ?"

"ಮೊಬೈಲಲ್ಲಿ ಸೀರಿಯಲ್ ನೋಡ್ತಿದ್ದೆ ಕಣಕ್ಕ. ಅಡ್ಡ ಬತ್ತಿತ್ತು."

"ಏನ್ ಮಾಡ್ತಿದ್ದ ನಿನ್ ಚಿರಾಯು?"

"ಹೆಂಡ್ತಿನ ಯಾರೋ ಕೂಡಾಕಿದ್ರು. ಬಾಗ್ಲು ಒಡೀತಿದ್ದ."

ಥೂ ಎಂದೆ. ಒಂದೇ ತಾಯಿಯ ಹಾಲು ಕುಡಿದವನ ಮೇಲೆ ಅಷ್ಟು ಹೇಸಿಗೆ ಹುಟ್ಟಬಹುದೆಂದು ನನಗೆ ಗೊತ್ತಿರಲಿಲ್ಲ. ಹೊಡೆಯಬೇಕೆನಿಸಿತು, ಮಗುವಿನ ಎದುರಿಗೆ ಬೇಡವೆಂದು ಒಳಗೆ ಹೋಗಿ ಮೂಲೆಯ ಡಬ್ಬವನ್ನೆಲ್ಲ ಸುರಿದು ಸ್ಕ್ರೂಡ್ರೈವರ್ ಹುಡುಕಿದೆ. ಆ ಚಿಲಕ ನನ್ನ ಕಣ್ಣೆದುರಿಗೇ ಬಾಗಿಲಿನಿಂದ ಬರಬೇಕಿತ್ತು. ಇಲ್ಲದಿದ್ದರೆ ಆ ರಾತ್ರಿ ನಾನು ಬಸ್ಸು ಹತ್ತುವವಳಲ್ಲ.

ಹೊರಗೆ ಬಂದಾಗ ವಿರೂಪಾಕ್ಷ ಮಗಳನ್ನು ರಮಿಸುತ್ತಿದ್ದ. ಅವಳ ಕಾಲಿನ ಬಟ್ಟೆ ಸರಿಮಾಡುತ್ತ, ನಗುವುದಕ್ಕೆ ಒದ್ದಾಡುತ್ತ ಕೇಳಿದ, "ನಿನ್ ಟೀಮಲ್ಲಿ ಇನ್ನೊಂದು ಜಾಗ ಅದಲ್ಲ ಮಗ? ಅಪ್ಪ ಬ್ಯಾಡ್ವಾ?"

ಶಿವಾನಿ ಸ್ವಲ್ಪ ಯೋಚಿಸಿದಳು. ಅವಳಿಗೆ ಅಪ್ಪನ ಮೇಲೆ ಸಿಟ್ಟೇನೂ ಇರಲಿಲ್ಲ. ತಿಳಿಯದವನಿಗೆ ಆಟ ಕಲಿಸುವ ಹಾಗೆ ಹೇಳಿದಳು:

"ನೀನು ಒಳಗೆ ಬರಂಗಿಲ್ಲ ಕಣಪ್ಪ. ಬೀಗ ಹಾಕೋರು ಆಚೆನೇ ಇರ್ಬೇಕು."

ಅವನ ಕೈ ಅವಳ ಕಾಲಿನ ಮೇಲೆ ಹಾಗೇ ಉಳಿಯಿತು. ಪುಷ್ಪಾ ಕಟ್ಟುತ್ತಿದ್ದ ಎಲೆಯನ್ನು ಕೆಳಗಿಟ್ಟು ಮೊದಲ ಸಲ ಗಂಡನ ಮುಖವನ್ನೇ ನೇರವಾಗಿ ನೋಡಿದಳು. ನಾನು ಸ್ಕ್ರೂಡ್ರೈವರನ್ನು ಅವನ ಮಡಿಲಿಗೆ ಎಸೆದು, "ಏಳ್ಲಾ," ಎಂದೆ.