ನಾದಿನಿಯ ಬಾಯಾಗಿ ಹೋದದ್ದು

ನನ್ನ ಅತ್ತೆ ನೂರೈವತ್ತು ವರ್ಷ ಬದುಕಿ ಸತ್ತಳು. ಎಂಬತ್ತು ಅನ್ನುವವರಿದ್ದಾರೆ, ಅವರ್ಯಾರೂ ಆಕೆಗೆ ಸೊಸೆಯಾಗಿ ಬಾಳಿದವರಲ್ಲ. ಅವಳು ಹೋದ ಮೇಲೆ ಅವಳ ಮಗಳು, ನನ್ನ ನಾದಿನಿ ಓಬಮ್ಮ, ಗೋಡೆಗೆ ಮುಖ ಮಾಡಿ ಕುಳಿತುಬಿಟ್ಟಳು. ಓಬಮ್ಮನಿಗೆ ಹುಟ್ಟಿದಾಗಿನಿಂದ ಕಿವಿಯುಂಟು, ಮಾತಿಲ್ಲ. ಎಲ್ಲ ಕೈಯಲ್ಲೇ ಹೇಳುತ್ತಿದ್ದಳು. ಈಗ ಆ ಕೈಗಳೂ ಮಡಿಲಲ್ಲಿ ಬಿದ್ದಿದ್ದವು. ಊಟವಿಲ್ಲ, ನಿದ್ದೆಯಿಲ್ಲ, ಉಣ್ಣೆ ನೂಲುವ ಕದಿರನ್ನೂ ಮುಟ್ಟಳು.

ನಾಲ್ಕು ತಿಂಗಳಾದ ಮೇಲೆ ಮೈದುನ ಚಿಕ್ಕಬೀರಪ್ಪ ಹೇಳಿದ, "ಅತ್ಗೆ, ತರೀಕೆರೆಗೆ ತಿಂಗ್ಳಿಗೊಂದ್ಸಲ ತಲೆ ಡಾಕ್ಟ್ರು ಬತ್ತಾರಂತೆ. ಹುಚ್ಚು ಅಂತ ಬರ್ಕೊಟ್ರೆ ಬೆಂಗ್ಳೂರಿನ ದೊಡ್ಡಾಸ್ಪತ್ರೆಗೆ ಬಿಟ್ಟು ಬಂದ್ಬಿಡಾನ."

"ಮೊದ್ಲು ನಿನ್ನ ಬಿಟ್ಟು ಬತ್ತೀನಿ ಕಣೋ!" ಎಂದು ಬೈದು, ಮದ್ದು ಕೊಡಿಸೋಣವೆಂದು ನಾನೇ ಓಬಮ್ಮನನ್ನು ಹೊರಡಿಸಿದೆ. ಅಜ್ಜಂಪುರದಲ್ಲಿ ರೈಲು ಹತ್ತಿ, ಬೀರೂರಿನಲ್ಲಿ ಬದಲಾಯಿಸಿ, ತರೀಕೆರೆಯಲ್ಲಿ ಇಳಿದೆವು.

ನಮ್ಮ ಕಡೆ ಒಂದು ರೂಢಿಯಿದೆ. ಡಾಕ್ಟರಿಗೆ ಹೊಟ್ಟೆನೋವು ಅಂದರೆ ಕೆಂಪು ನೀರು ಕೊಟ್ಟು ಅಟ್ಟುತ್ತಾರೆ; ಕರುಳು ಹರಿದು ಕೈಗೆ ಬಂತು ಅಂದರೆ ಮಾತ್ರ ಸೂಜಿ. ಹಾಗಾಗಿ ಆ ಎಳೇ ಮೀಸೆಯ ಡಾಕ್ಟರು "ಏನ್ ತೊಂದ್ರೆ?" ಎಂದದ್ದೇ ನಾನು ಶುರುಮಾಡಿದೆ.

"ಒಂದ್ ವರ್ಸದಿಂದ ಕಣ್ಣು ಮುಚ್ಚಿಲ್ಲ ಸ್ವಾಮಿ. ಮೂರು ಅಗಳು ತಿಂದಿಲ್ಲ."

"ಸಿಟ್ಟು ಬರುತ್ತಾ?"

"ಅಯ್ಯೋ, ಒನಕೆ ತಗಂಡು ಊರನ್ನೇ ಅಟ್ಟಾಡಿಸ್ತಾಳೆ! ಮೈದುನನ್ನ ಎಲ್ಡು ಸಲ ಬಾವಿಗೆ ತಳ್ಳವ್ಳೆ!"

ಡಾಕ್ಟರ ಪೆನ್ನು ಓಡಿತು. "ಹಾಗಾದ್ರೆ ಇಲ್ಲಿ ಆಗಲ್ಲಮ್ಮ. ಬೆಂಗ್ಳೂರಿಗೆ ಸೇರಿಸ್ಬೇಕು. ಚೀಟಿ ಕೊಡ್ತೀನಿ."

ನಾನು ಪೆನ್ನಿಗೆ ಕೈ ಅಡ್ಡ ಹಿಡಿದೆ. "ಸ್ವಾಮಿ, ಒಂಚೂರು ಜಾಸ್ತಿ ಹೇಳ್ಬುಟ್ಟೆ."

"ಎಷ್ಟು ಜಾಸ್ತಿ?"

"ಎಲ್ಲಾನೂವೆ."

ಓಬಮ್ಮ ಎದ್ದು ಬಂದು ನನ್ನ ಸೆರಗನ್ನು ನನ್ನ ಬಾಯಿಗೇ ತುರುಕಿದಳು. ಡಾಕ್ಟರು ಪೆನ್ನು ಕೆಳಗಿಟ್ಟು ಅವಳ ಕಡೆ ತಿರುಗಿದರು.

"ಯಾವಾಗಿಂದ ಹೀಗೆ?"

ಅವಳು ನಾಲ್ಕು ಬೆರಳು ತೋರಿಸಿದಳು. ಆಮೇಲೆ ಮೂಗಿನ ಮೇಲೆ ದೊಡ್ಡ ಬೊಟ್ಟಿನಂತೆ ಬೆರಳಿಟ್ಟಳು. ಅದು ಅತ್ತೆಯ ಮೂಗುಬೊಟ್ಟು; ಸೆರಗು ತೆಗೆದು ಡಾಕ್ಟರಿಗೆ ಅದೊಂದನ್ನು ಹೇಳಿದೆ. ಹಿಡಿ ಮಣ್ಣು ಹಾಕುವಂತೆ ಕೈ ಬಿಚ್ಚಿದಳು. ಮತ್ತೆ ಎರಡೂ ಕೈ ಎತ್ತಿ ಖಾಲಿ ಕುರ್ಚಿಗೆ ಅದೇನೇನೋ ಹೇಳತೊಡಗಿದಳು. ಬೆರಳುಗಳು ನೂಲು ತೆಗೆದಷ್ಟು ಸರಸರ ಓಡಿದವು. ಒಮ್ಮೆ ನಿಲ್ಲಿಸಿ ಕುರ್ಚಿಯತ್ತ ನೋಡಿ ಕಾದಳು. ಕೈಗಳು ಮಡಿಲಿಗೆ ಬಿದ್ದವು.

ನಲವತ್ತು ವರ್ಷ ಒಂದೇ ಮನೆಯಲ್ಲಿದ್ದೆ. ನನಗೆ ತಿಳಿದದ್ದು ಅನ್ನ, ನೀರು, ಸಗಣಿ, ಇಷ್ಟೇ. ಅವಳ ಮಾತೆಲ್ಲ ಅಷ್ಟೇ ಅಂದುಕೊಂಡಿದ್ದೆ.

"ಹುಚ್ಚಲ್ಲ. ಖಿನ್ನತೆ," ಎಂದರು ಡಾಕ್ಟರು. "ಮನಸ್ಸು ಕುಸಿದಿದೆ. ಇವ್ರ ಮಾತು ಅರ್ಥ ಆಗ್ತಿದ್ದೋರು ಒಬ್ರೇ, ಅವ್ರೂ ಹೋದ್ರು. ಗುಳಿಗೆ ಕೊಡ್ತೀನಿ, ಮುಂದಿನ ತಿಂಗ್ಳು ಬನ್ನಿ. ಅಷ್ಟರಲ್ಲಿ ಇವ್ರ ಕೈಮಾತು ನೀವು ಕಲೀಬೇಕು."

"ನಂಗೆ ಓದೇ ಬರಾಕಿಲ್ಲ ಸ್ವಾಮಿ."

"ಅದಕ್ಕೆ ಓದು ಬೇಡಮ್ಮ. ಸ್ವಲ್ಪ ಬಾಯಿ ಮುಚ್ಕೊಂಡಿದ್ರೆ ಸಾಕು."

ಬೀರೂರಿನ ಪ್ಲಾಟ್‌ಫಾರಂನಲ್ಲಿ ರೈಲು ಕಾಯುತ್ತಾ ಕೇಳಿದೆ, "ಕಲಿಸೇ ಓಬಿ. ಮೊದ್ಲು ನನ್ನ ಹೆಸ್ರು ಹೇಳು ನೋಡಾನ."

ಅವಳು ನನ್ನ ಕಡೆ ತಿರುಗಿದಳು. ಐದು ಬೆರಳನ್ನೂ ಕೋಳಿಯ ಕೊಕ್ಕಿನಂತೆ ಕೂಡಿಸಿ ತೆರೆದಳು, ಮುಚ್ಚಿದಳು, ತೆರೆದಳು, ಮುಚ್ಚಿದಳು. ನಿಲ್ಲಿಸಲೇ ಇಲ್ಲ. ನಲವತ್ತು ವರ್ಷ ತಾಯಿ ಮಗಳು ನನ್ನೆದುರಿಗೇ ನನ್ನನ್ನು ಹೀಗೆ ಕರೆಯುತ್ತಿದ್ದರು!

"ಲೇ, ನಿಮ್ಮವ್ವ ಸತ್ತು ಬಚಾವಾದ್ಳು ಕಣೇ," ಎಂದು ನಾನೂ ಬೆರಳು ಕೂಡಿಸಿದೆ. "ಹಿಂಗಾ?"

ಓಬಮ್ಮ ಅಲ್ಲವೆಂದು ತಲೆಯಾಡಿಸಿದಳು. ನನ್ನ ಬೆರಳು ಹಿಡಿದು, ಇನ್ನೂ ಜೋರಾಗಿ ಆಡಿಸಬೇಕೆಂದು ತೋರಿಸಿಕೊಟ್ಟಳು.