ತಟ್ಟೆಯ ಮೇಲಿನ ಕೈ

ಈ ಬಸ್ಸಿನ ಕಿಟಕಿ ಒಂದು, ಎಳೆದರೆ ಬರುವುದಿಲ್ಲ ತಳ್ಳಿದರೆ ಹೋಗುವುದಿಲ್ಲ, ಬಿಸಿಲೆಲ್ಲ ನನ್ನ ಮುಖಕ್ಕೇ, ಡ್ರೈವರ್ ಎಂಬ ಪುಣ್ಯಾತ್ಮ ಟೀ ಕುಡಿಯಲು ಹೋದವನು ಟೀ ತೋಟಕ್ಕೇ ಹೋದನೋ ಏನೋ — ಹೊರಡಬಾರದೇ, ಕನಕಪುರ ಬಿಟ್ಟು ರಾಮನಗರ ಸೇರಿ ನನ್ನ ಮನೆ ಬಾಗಿಲು ಹಾಕಿಕೊಂಡರೆ ಮುಗಿಯಿತು, ಏನು ಮುಗಿಯಿತು, ಮಣ್ಣು, ಎಲ್ಲ ಮುಗಿಸಿಯೇ ಬಂದಿದ್ದೇನಲ್ಲ, ಮದುವೆಯಾಗಿ ಹೋದ ಇಷ್ಟು ವರ್ಷದ ಮೇಲೆ ಬೈರಮ್ಮ ನನ್ನನ್ನು ಊಟಕ್ಕೆ ಕರೆದಳು, ತಾನಾಗಿ, ತನ್ನಪ್ಪ ಸತ್ತ ಮೇಲೆ ನನ್ನಂಥ ಮಲತಾಯಿಯ ಹಂಗೇನು ಅಂತ ಬಿಟ್ಟುಬಿಡಬಹುದಿತ್ತು, ಬಿಡಲಿಲ್ಲ, ಸ್ಕೂಲಿನ ತನಕ ಬಂದು ಕರೆದಳು, ನಾನು ಹೋಗಿ ಏನು ಮಾಡಿದೆ, ತಟ್ಟೆಯ ಮೇಲೆ ಕೈ ಅಡ್ಡ ಹಿಡಿದೆ, ಥೂ ನನ್ನ ಜನ್ಮಕ್ಕೆ. ಮುದ್ದೆ, ನಾಟಿಕೋಳಿ ಸಾರು, ಬೆಳಗಿನಿಂದ ಒಲೆಯ ಮುಂದಿದ್ದಳೆಂದು ಅವಳ ಕೆಂಪು ಕಣ್ಣೇ ಹೇಳುತ್ತಿತ್ತು, ಇನ್ನೊಸಿ ಸಾರು ಬುಡ್ತೀನಿ, ಸಾಕು ಕಣಮ್ಮ, ಏನ್ ಸಾಕು ಒಂದ್ ತುತ್ತೂ ಸರಿಯಾಗ್ ತಿಂದಿಲ್ಲ, ಬೇಡ ಬರುವಾಗ ತಿಂದೇ ಬಂದೆ — ಸುಳ್ಳು, ಹೊಟ್ಟೆ ಚುರುಗುಟ್ಟುತ್ತಿತ್ತು — ಅವಳೂ ಬಿಡಲಿಲ್ಲ, ನಮ್ಮ ಕಡೆ ಬಿಡುವವರು ಯಾರು, ಬಲವಂತ ಮಾಡದೆ ಬಡಿಸಿದರೆ ಅದು ಊಟವೇ ಅಲ್ಲ, ಸೌಟು ಬಗ್ಗಿಸಿದಳು, ನಾನು ಕೈ ತೆಗೆಯಲಿಲ್ಲ, ಕುದಿಯುವ ಸಾರು ಹಿಂಗೈ ಮೇಲೆ ಬಿತ್ತು, ಅಯ್ಯಯ್ಯೋ ಅಂದವಳು ಅವಳು, ನಾನಲ್ಲ, ನಾನು ಏನಾಗಿಲ್ಲ ಅಂದೆ, ಆಮೇಲೆ ಅವಳು ನನ್ನ ಕೈ — ಬೇಡ, ಅದು ಈಗ ಬೇಡ.

ಬೇಡ, ಸಾಕು, ಏನಾಗಿಲ್ಲ, ಇವಿಷ್ಟನ್ನೂ ಕಲಿಸಿದವಳು ಅತ್ತೆ ಹನುಮಂತಮ್ಮ, ಅವ್ವ ಸತ್ತ ಮೇಲೆ ನನ್ನನ್ನು ಗುಡೇಮಾರನಹಳ್ಳಿಯ ಸೋದರಮಾವನ ಮನೆಯಲ್ಲಿ ತಂದು ಬಿಟ್ಟರಲ್ಲ, ಮಾವ ಪಕ್ಕದಲ್ಲಿದ್ದರೆ ಅತ್ತೆಯ ಬಾಯಲ್ಲಿ ಜೇನು, ಇನ್ನರ್ಧ ಮುದ್ದೆ ಇಕ್ಲೇನೇ ಗಂಗಾ, ಹ್ಞೂಂ ಅಂದೆನೋ, ಮಾವ ಹೊಲಕ್ಕೆ ಹೋದ ಮೇಲೆ ತೊಡೆ ಚಿವುಟಿ, ಹೆತ್ತವ್ವನ್ನ ತಿನ್ಕಂಡು ಈಗ ನಮ್ಮನ್ನ ತಿನ್ನಕ್ಕೆ ಬಂದವ್ಳೆ, ಅಳುವ ಹಾಗೂ ಇಲ್ಲ, ಅತ್ತರೆ ಇನ್ನೊಂದು, ಅದಕ್ಕೇ ಅವಳು ಸೌಟು ಎತ್ತುವ ಮೊದಲೇ ನನ್ನ ಕೈ ಅಡ್ಡ, ಅಷ್ಟು ಚಿಕ್ಕ ಹುಡುಗಿಯ ಬುದ್ಧಿ, ಕೆಟ್ಟ ಬುದ್ಧಿಯೇನಲ್ಲ, ಆ ಕೈ ನನ್ನನ್ನು ಕಾಪಾಡಿತು, ಓದಿಸಿತು, ಟೀಚರ್ ಮಾಡಿತು, ಆದರೆ ಅತ್ತೆ ಮಣ್ಣಾಗಿ ಎಷ್ಟೋ ಕಾಲವಾಯಿತು, ಈ ದರಿದ್ರ ಕೈಗೆ ಅದನ್ನು ಹೇಳುವವರು ಯಾರು! ನಾನು ಅಂಕಯ್ಯನವರಿಗೆ ಎರಡನೇ ಹೆಂಡತಿಯಾಗಿ ಬಂದಾಗ ಅವರ ಮಗಳು ಬೈರಮ್ಮ ಇನ್ನೂ ಒಂದನೇ ಕ್ಲಾಸು, ಬಾಗಿಲ ಹಿಂದೆ ನಿಂತು ನಂಗೇನೂ ಬ್ಯಾಡ ಅಂದಳು, ನನಗೆ ಅರ್ಥವಾಯಿತು, ನನಗಲ್ಲದೆ ಇನ್ಯಾರಿಗೆ ಆಗಬೇಕು, ಪಾಪ ಬಲವಂತ ಬೇಡ, ಮಗುವನ್ನು ಅದರ ಪಾಡಿಗೆ ಬಿಡೋಣ ಅಂತ ಬಿಟ್ಟೆ, ಬಿಟ್ಟೇಬಿಟ್ಟೆ, ದೊಡ್ಡ ಜಾಣೆ! ಇವತ್ತು ಹೇಳಿದಳು, ಕೈತೊಳೆಯಲು ನೀರು ಹಾಕುತ್ತಾ, ನೀವು ಯಾವತ್ತೂ ಎಲ್ಡ್ನೇ ಸಲ ಕೇಳ್ನೇ ಇಲ್ಲ ಚಿಕ್ಕವ್ವ, ನಾನು ಬಾಗ್ಲಿಂದೆ ಕಾಯ್ಕಂಡ್ ನಿಂತಿರ್ತಿದ್ದೆ. ಅದಕ್ಕೆ ನಾನೇನಂದೆ, ಬಸ್ಸಿಗೆ ಹೊತ್ತಾಯಿತು ಅಂದೆ. ಇವತ್ತೊಂದಿನ ಇದ್ದೋಗಿ, ಇಲ್ಲಮ್ಮ, ಇದ್ದೋಗಿ ಅಂತೀನಿ, ಇಲ್ಲ ಕೆಲಸವಿದೆ, ಯಾವ ಕೆಲಸ, ನಾಳೆ ಭಾನುವಾರ! ಇನ್ನು ಅವಳು ಕರೆಯುವುದಿಲ್ಲ, ಯಾಕೆ ಕರೆಯಬೇಕು, ಅವರಪ್ಪ ಇದ್ದಾಗ ಅವರ ನೆಪವಾದರೂ ಇತ್ತು, ಈಗ ನಾನೂ ಅವಳೂ ಇಬ್ಬರೇ, ಇವತ್ತು ಹೋದರೆ ಹೋದಂತೆಯೇ.

ಕಡ್ಲೆಕಾಯಿ ತಗೊಳ್ಳಿ ಅಮ್ಮ, ಪಕ್ಕದ ಸೀಟಿನವಳು, ಗುಲ್ಜಾರ್ ಬೀ ಅಂತೆ, ಹತ್ತಿದ ಕೂಡಲೇ ಹೆಸರು, ಊರು, ಸೊಸೆಯ ಸೋಮಾರಿತನ ಎಲ್ಲ ಒಪ್ಪಿಸಿದ್ದಾಳೆ, ಬೇಡ ಅಂದೆ, ಅನ್ನದೆ ಇರುತ್ತೇನೆಯೇ, ಬೇಡ ಅಂದ್ರೆ ನಾನ್ ಬಿಡ್ತೀನಾ ಅಂತ ಒಂದು ಹಿಡಿ ಮಡಿಲಿಗೇ ಸುರಿದಳು, ಎಂಥ ಹೆಂಗಸಪ್ಪ, ಸೀರೆಯೆಲ್ಲ ಮಣ್ಣು, ಸುಲಿದು ಬಾಯಿಗೆ ಹಾಕಿಕೊಂಡೆ, ಹಸಿವು ನೋಡು, ನಾಟಿಕೋಳಿ ಬಿಟ್ಟು ಬಂದವಳಿಗೆ ಬಸ್ಸಿನಲ್ಲಿ ಕಡಲೆಕಾಯಿ, ಅರೆ ಕೈಗೇನಾಯ್ತು, ಏನಾಗಿಲ್ಲ, ಏನಾಗಿಲ್ಲ ಅಂತೀರ, ಬೊಬ್ಬೆ ಎದ್ದೈತೆ, ಏನಾಯ್ತು ಹೇಳಿ, ಇವಳಿಗ್ಯಾಕೆ ಊರ ಉಸಾಬರಿ, ಡ್ರೈವರ್ ಬಂದ, ಇಂಜಿನ್ ಶುರುವಾಯಿತು, ಮಗಳು, ಅಂದೆ, ಮಲಮಗಳು ಅನ್ನಲಿಲ್ಲ, ಮಗಳು ಬಡಿಸುವಾಗ ಬಿತ್ತು, ಹೌದಾ, ಹಚ್ಚಕ್ಕೆ ಒಸಿ ಎಣ್ಣೇನೂ ಕೊಡ್ಲಿಲ್ವಾ, ಎಂಥಾ ಮಗಳಮ್ಮ, ಅಂದಳಲ್ಲ, ಮೈಯೆಲ್ಲ ಉರಿದುಹೋಯಿತು ನನಗೆ, ನಿಮಗೇನ್ರೀ ಗೊತ್ತು, ಸೌಟು ಬಿಸಾಕಿ ಮಂಡಿಯೂರಿ ಕೂತಳು ಅವಳು, ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದಳು, ಊದಿದಳು, ತಣ್ಣಗಾಯಿತು, ಮತ್ತೆ ಊದಲು ಉಸಿರು ತುಂಬಿಕೊಂಡಳು, ಅಷ್ಟರಲ್ಲಿ ನಾನು ಕೈ ಕಿತ್ತುಕೊಂಡೆ — ಟಿಕೆಟ್ ಟಿಕೆಟ್, ಎಲ್ಲಿಗ್ರಮ್ಮ — ಊದಲೆಂದು ಗುಂಡಗೆ ಮಾಡಿದ ತುಟಿ, ಅದರ ಮುಂದೆ ಕೈ ಇಲ್ಲ, ಎಲ್ಲಿಗ್ರಮ್ಮ, ಬೇಗ ಹೇಳಿ, ಎಲ್ಲಿಗೆ ಅಂತೀನಿ — ಆ ತುಟಿ, ಕೆನ್ನೆಯ ತುಂಬ ಇನ್ನೂ ಬಿಡದ ಉಸಿರು